ಗಾಜಿನ ಹಿಂದಿನ ಸಂಸಾರ

ಸಾವ್ಕಾರ ಗುರುಶಾಂತಪ್ಪನ ಫರ್ನಿಚರ್ ಅಂಗಡಿಯಲ್ಲಿ ಕೆಲಸಗಾರರು ನಿಲ್ಲುತ್ತಿರಲಿಲ್ಲ. ಊರಲ್ಲಿ ಬಾಡಿಗೆಗೆ ಒಂದು ಕೋಣೆಯೂ ಸಿಗದೆ ಮೂವರು ಬಿಟ್ಟುಹೋಗಿದ್ದರು. ಅಂಗಡಿಯ ಹಿಂದೆ ಸಾವ್ಕಾರನದೇ ಮನೆ ಖಾಲಿ ಬಿದ್ದಿತ್ತು. ಬಾಡಿಗೆಯವರು ಗೋಡೆಗೆ ಮೊಳೆ ಹೊಡೆಯುತ್ತಾರೆಂದು ಆತ ಯಾರಿಗೂ ಕೊಡುತ್ತಿರಲಿಲ್ಲ.

ಉಳಿದಿದ್ದವನು ಫಕೀರಪ್ಪ ಒಬ್ಬನೇ. ದೂರದ ಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುವಷ್ಟರಲ್ಲಿ ದಿನಾ ತಡವಾಗುತ್ತಿತ್ತು.

“ನಾಳೆ ಮುಂಜಾನೆ ಎಂಟಕ್ಕ ಅಂಗಡ್ಯಾಗ ಇರಬೇಕು. ಇಲ್ಲಾಂದ್ರ ಕೆಲಸ ಬಿಡು,” ಎಂದು ಸಾವ್ಕಾರ ಗುಡುಗಿದ.

“ಆತ್ರಿ, ಅಂಗಡ್ಯಾಗ ಇರ್ತೀನ್ರಿ,” ಎಂದ ಫಕೀರಪ್ಪ. ಅಂಗಡಿಯ ಬೀಗದ ಕೈ ಅವನ ಹತ್ತಿರವೇ ಇತ್ತು.

ಮರುದಿನ ಸಾವ್ಕಾರ ಬಂದಾಗ ಅಂಗಡಿಯ ಗಾಜಿನ ಮುಂದೆ ಜನಜಾತ್ರೆ. ಒಳಗೆ ಊಟದ ಮೇಜಿನ ಮೇಲೆ ಫಕೀರಪ್ಪನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕಪಾಟಿನ ಬಾಗಿಲ ಮೇಲೆ ಸೀರೆ ಒಣಗುತ್ತಿತ್ತು. ತೇಗದ ಮಂಚದ ಮೇಲೆ ಅವನ ಅವ್ವ ಕೌದಿ ಹೊದ್ದು ಮಲಗಿದ್ದಳು.

“ಇದೇನು ಛತ್ರ ಏನಲೇ?”

“ಎಂಟಕ್ಕ ಇನ್ನೂ ಐದು ನಿಮಿಷ ಐತ್ರಿ. ಕುಂದರ್ರಿ, ಚಾ ಕುಡೀರಿ,” ಎಂದ ಫಕೀರಪ್ಪ.

“ಈ ಮಂಚಕ್ಕ ಎಷ್ಟ್ರಿ?” ಎಂದ ಗಿರಾಕಿಯೊಬ್ಬ.

ಮುದುಕಿ ಒಂದು ಕಣ್ಣು ತೆರೆದಳು. “ಸದ್ದು ಮಾಡಬ್ಯಾಡೋ ತಮ್ಮಾ, ಆಗಲೇ ಮೂರು ಮಂದಿ ಕೇಳಿ ಎಬ್ಬಿಸ್ಯಾರ.”

ಸಾವ್ಕಾರ ಹಿಂದಿನ ಮನೆಯ ಬೀಗದ ಕೈ ತೆಗೆದು ಎಸೆದ. “ಮೊದಲ ಅಲ್ಲಿಗೆ ಹೋಗ್ರಿ, ಮಾರಾಯ!”

ಎಲ್ಲರೂ ಎದ್ದರು, ಮುದುಕಿ ಏಳಲಿಲ್ಲ. ಕಡೆಗೆ ಮಂಚದ ಒಂದು ತುದಿ ಫಕೀರಪ್ಪ ಹಿಡಿದ, ಇನ್ನೊಂದು ತುದಿ ಸಾವ್ಕಾರನೇ ಹಿಡಿದ.

ಏದುಸಿರು ಬಿಡುತ್ತಾ ಬಾಗಿಲು ದಾಟುವಾಗ ಗಿರಾಕಿ ಮತ್ತೆ ಕೇಳಿದ: “ಎಲ್ಲಾರಿಗೂ ಹಿಂಗ ಮನೀತನಕ ಮುಟ್ಟಿಸ್ತೀರೇನ್ರಿ, ಸಾವ್ಕಾರ್ರ?”