ಎಂಟು ಹಲ್ಲಿಗೆ ನಲವತ್ತಮೂರು

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಆಚೆ ದಂಡೆಯಲ್ಲಿ ಒಂದು ಗುಡ್ಡ, ಅದರ ನೆತ್ತಿಯಲ್ಲಿ ಇಪ್ಪತ್ತು ಮನೆಗಳ ಊರು. ನಡುವೆ ಸೇತುವೆ ಇಲ್ಲ. ಔಷಧಿ, ಅಕ್ಕಿ ಮೂಟೆ, ಕಾಲು ನೋವಿನ ಮುದುಕರು, ಎಲ್ಲವೂ ಎಲ್ಲರೂ ಆಶ್ರಮದ ಹಳೆಯ ಜೀಪಿನಲ್ಲೇ ಹೋಗಿ ಬರಬೇಕು.

ಆಶ್ರಮದ ಹಿರಿಯರನ್ನು ಜನ ಅಜ್ಜಾರು ಎನ್ನುತ್ತಿದ್ದರು. ಜೀಪು ಓಡಿಸುತ್ತಿದ್ದವನು ಅವರ ಶಿಷ್ಯ ಶಂಭುಲಿಂಗ. ವಯಸ್ಸು ಮೂವತ್ತು ದಾಟಿತ್ತು. ಧ್ಯಾನಕ್ಕೆ ಕೂತರೆ ತೂಕಡಿಸುತ್ತಿದ್ದ, ಬಾನೆಟ್ಟು ಎತ್ತಿದರೆ ಎಚ್ಚರಾಗುತ್ತಿದ್ದ. ಹಾಗಾಗಿ ಅಜ್ಜಾರು ಅವನ ಪಾಠವನ್ನೆಲ್ಲ ಜೀಪಿನಲ್ಲೇ ಇಟ್ಟಿದ್ದರು.

ಆ ಬೇಸಿಗೆಯಲ್ಲಿ ಶಂಭುಲಿಂಗ ಜೀಪಿಗೆ ದೊಡ್ಡ ಟೈರು ಹಾಕಿದ. ಅದಕ್ಕೊಂದು ಕಾರಣವಿತ್ತು.

ಹಿಂದಿನ ಮಳೆಗಾಲ ಗುಡ್ಡದ ದ್ಯಾಮಪ್ಪನ ಹೆಂಡತಿಯನ್ನು ಹೆರಿಗೆಗೆ ಕರೆತರುವಾಗ ಎಂಜಿನ್ನಿಗೆ ನೀರು ಹೊಕ್ಕು ಗಾಡಿ ಹೊಳೆಯ ನಡುವೆ ನಿಂತುಬಿಟ್ಟಿತ್ತು. ದ್ಯಾಮಪ್ಪ ಹೆಂಡತಿಯನ್ನು ಹೆಗಲಿಗೆ ಹಾಕಿಕೊಂಡು ನೀರಿಗಿಳಿದು ನಡೆದ. ಮಗು ದಂಡೆಯ ಮರಳಿನ ಮೇಲೆ ಹುಟ್ಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು, ಮಗುವಿಗೆ ಹೊಳೆವ್ವ ಅಂತ ಹೆಸರೂ ಆಯಿತು. ಆದರೆ ಆವತ್ತು ಸ್ಟಿಯರಿಂಗು ಹಿಡಿದುಕೊಂಡು ಕೂತೇ ಇದ್ದ ಶಂಭುಲಿಂಗನಿಗೆ ಆಮೇಲೆ ದ್ಯಾಮಪ್ಪನ ಮುಖ ನೋಡಲು ಆಗಲಿಲ್ಲ.

ಈಗ ದ್ಯಾಮಪ್ಪನ ತಂಗಿ ಕಲ್ಲವ್ವನಿಗೆ ದಿನ ತುಂಬುತ್ತಿತ್ತು. ಇನ್ನೊಂದು ತಿಂಗಳು, ಮಳೆಯೂ ಅದೇ ಹೊತ್ತಿಗೆ ಶುರುವಾಗುವುದು.

ದೊಡ್ಡ ಟೈರಿನ ಗಾಡಿಯನ್ನು ಮೊದಲ ಸಲ ಆಚೆಗೆ ಒಯ್ದ ದಿನ ಶಂಭುಲಿಂಗ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದ.

“ಹೊಳಿ ದಾಟಿತೇನೋ?” ಎಂದರು ಅಜ್ಜಾರು.

“ದಾಟಿತ್ರೀ. ಗಾಡಿ ಹೊಟ್ಟಿಗೆ ನೀರು ತಾಗಲಿಲ್ಲ.”

“ಗುಡ್ಡ?”

“ಮೂರನೇ ತಿರುವಿನ್ಯಾಗ ನಿಂತುಬಿಡ್ತು. ಎಷ್ಟ ಸಣ್ಣ ಗೇರಿಗೆ ಇಳಿಸಿದ್ರೂ ಉಸಿರು ಕಟ್ಟತೈತಿ. ಎಂಜಿನ್ ಮುದುಕಾತು ಅನಸ್ತೈತ್ರಿ ಅಜ್ಜಾರ.”

ಅಜ್ಜಾರು ಹೊಳೆಯ ಮೆಟ್ಟಿಲುಗಳ ಕಡೆ ಕೈ ತೋರಿಸಿದರು. ನಲವತ್ತು ಮೆಟ್ಟಿಲು.

“ಒಂದು ಕೊಡ ನೀರು ತಾ. ಎರಡೆರಡು ಮೆಟ್ಟಲ ಹತ್ತಿ ಬಾ.”

ಶಂಭುಲಿಂಗ ಕೊಡ ಹೆಗಲಿಗಿಟ್ಟು ಎರಡೆರಡು ಮೆಟ್ಟಿಲು ಹತ್ತಿದ. ಹದಿನೆಂಟಕ್ಕೆ ಬರುವಷ್ಟರಲ್ಲಿ ಕೊಡ ಇಳಿಸಿ ಕೂತ.

“ಯಾಕೋ, ಕಾಲು ಮುದುಕಾದುವೇನು?” ಅಜ್ಜಾರು ಮೇಲಿನಿಂದ ಕೇಳಿದರು.

ಅವನಿಗೆ ನಗು ಬಂತು. ಎದ್ದು ಕೊಡ ಹೊತ್ತ, ಒಂದೊಂದೇ ಮೆಟ್ಟಿಲು ಹತ್ತಿದ. ಮೇಲೆ ಬಂದು ಮುಟ್ಟಿದ.

“ಟೈರು ದೊಡ್ಡದಾದ್ರ ಹೆಜ್ಜಿ ದೊಡ್ಡದಾಗ್ತೈತಿ,” ಎಂದ ಏದುಸಿರಿನಲ್ಲೇ. “ಗಾಡಿಗೆ ಸಣ್ಣ ಹೆಜ್ಜಿ ಬೇಕ್ರಿ. ಅಚ್ಚಿನ ಒಳಗಿನ ಹಲ್ಲುಗಾಲಿ ಬದಲಿ ಮಾಡಬೇಕು.”

“ಹಂಗಾದ್ರ ಮಾಡು.”

ಜೀಪಿನ ಅಚ್ಚಿನ ನಡುವೆ, ಗುಂಡನೆಯ ಕಬ್ಬಿಣದ ಡಬ್ಬಿಯೊಳಗೆ, ಒಂದು ಸಣ್ಣ ಹಲ್ಲುಗಾಲಿ, ಒಂದು ದೊಡ್ಡ ಹಲ್ಲುಗಾಲಿ ಇರುತ್ತವೆ. ಎಂಜಿನ್ನು ಸಣ್ಣದನ್ನು ತಿರುಗಿಸುತ್ತದೆ, ಸಣ್ಣದು ದೊಡ್ಡದನ್ನು ತಿರುಗಿಸುತ್ತದೆ, ದೊಡ್ಡದು ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಒಂದು ಸುತ್ತಿಗೆ ಸಣ್ಣದು ಎಷ್ಟು ಹೆಚ್ಚು ಸುತ್ತು ತಿರುಗುತ್ತದೋ ಗಾಡಿಯ ಹೆಜ್ಜೆ ಅಷ್ಟು ಸಣ್ಣದು, ಬಲ ಅಷ್ಟು ದೊಡ್ಡದು. ಇಷ್ಟು ತಿಳಿದರೆ ಈ ಕಥೆಗೆ ಸಾಕು.

ಪೇಟೆಯ ಗ್ಯಾರೇಜಿನ ದಾವಲಸಾಬ ಮೇಸ್ತ್ರಿ ಮೂರು ಗೋಣಿಚೀಲ ಕಳಿಸಿದ. ಒಂದೊಂದರಲ್ಲೂ ಒಂದೇ ನಮೂನೆಯ ಎರಡು ಜೋಡಿ, ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು. ಬೇಕಾದ್ದು ಇಟ್ಟುಕೊಂಡು ಉಳಿದದ್ದು ವಾಪಸು ಕಳಿಸಬೇಕು.

ಶಂಭುಲಿಂಗ ಕೂತು ಹಲ್ಲು ಎಣಿಸಿದ. ಮೂರು ಚೀಲದಲ್ಲೂ ಸಣ್ಣದಕ್ಕೆ ಎಂಟೇ ಹಲ್ಲು. ದೊಡ್ಡದಕ್ಕೆ ಒಂದರಲ್ಲಿ ನಲವತ್ತು, ಇನ್ನೊಂದರಲ್ಲಿ ನಲವತ್ತೊಂದು, ಮತ್ತೊಂದರಲ್ಲಿ ನಲವತ್ತಮೂರು. ಬಳಪ ತಂದು ಅಂಗಳದಲ್ಲೇ ಲೆಕ್ಕ ಬರೆದ. ಮೊದಲು ಚಕ್ರದ ಒಂದು ಸುತ್ತಿಗೆ ಸಣ್ಣದು ನಾಲ್ಕೂಕಾಲು ಸುತ್ತು ತಿರುಗುತ್ತಿತ್ತು. ಟೈರು ಆರರಲ್ಲೊಂದು ಪಾಲು ದೊಡ್ಡದಾಗಿದೆ. ಹಾಗಾದರೆ ಈಗ ಐದು ಸುತ್ತು ಬೇಕು. ಎಂಟೈದಲಿ ನಲವತ್ತು.

ಲೆಕ್ಕ ಇಷ್ಟು ಚೊಕ್ಕವಾಗಿ ಬಂದದ್ದಕ್ಕೆ ಅವನಿಗೆ ಭಾರಿ ಖುಷಿಯಾಯಿತು.

“ನಲವತ್ತರದು ಅಜ್ಜಾರ. ಶೇಷನೂ ಉಳಿಯೂದಿಲ್ಲ.”

ಅಜ್ಜಾರು ಒಳಗೆ ಹೋಗಿ ವಿಭೂತಿಯ ಬಟ್ಟಲು ತಂದರು. ಬೆರಳು ಒದ್ದೆ ಮಾಡಿ, ಸಣ್ಣ ಹಲ್ಲುಗಾಲಿಯ ಎಂಟರಲ್ಲಿ ಒಂದೇ ಒಂದು ಹಲ್ಲಿಗೆ ಬಳಿದರು.

“ಎರಡೂ ಕೂಡಿಸಿ ಹಿಡಿ. ತಿರುಗಿಸು.”

ದೊಡ್ಡದು ಒಂದು ಸುತ್ತು ಬರುವವರೆಗೆ ಶಂಭುಲಿಂಗ ತಿರುಗಿಸಿದ. ದೊಡ್ಡದರ ಐದು ಹಲ್ಲುಗಳಿಗೆ ವಿಭೂತಿ ಹತ್ತಿತು.

“ಇನ್ನೊಂದು ಸುತ್ತು.”

ಮತ್ತೆ ಅದೇ ಐದು ಹಲ್ಲು. ಹತ್ತು ಸುತ್ತಾದರೂ ಅದೇ ಐದು. ಉಳಿದ ಮೂವತ್ತೈದು ಹಲ್ಲು ಆ ಒಂದು ಹಲ್ಲಿನ ಮುಖವನ್ನೇ ನೋಡಲಿಲ್ಲ.

“ಈಗ ನಲವತ್ತೊಂದರದು ತಗೋ,” ಎಂದು ಅಜ್ಜಾರು ಅದರ ಜೊತೆಯ ಸಣ್ಣದರ ಒಂದು ಹಲ್ಲಿಗೆ ವಿಭೂತಿ ಹಚ್ಚಿದರು.

ಮೊದಲ ಸುತ್ತಿಗೆ ಬೇರೆ ಹಲ್ಲು, ಎರಡನೆಯ ಸುತ್ತಿಗೆ ಬೇರೆ ಹಲ್ಲು. ಶಂಭುಲಿಂಗನಿಗೆ ಊಟದ ಗಂಟೆ ಕೇಳಿಸಲಿಲ್ಲ. ವಿಭೂತಿ ಒಣಗಿದಾಗಲೆಲ್ಲ ಮತ್ತೆ ಹಚ್ಚಿ ತಿರುಗಿಸಿದ. ಎಂಟನೆಯ ಸುತ್ತು ಮುಗಿದಾಗ ನಲವತ್ತೊಂದೂ ಹಲ್ಲು ವಿಭೂತಿ ಧರಿಸಿ ಕೂತಿದ್ದವು.

“ಇದು ಹೆಂಗ್ರೀ ಅಜ್ಜಾರ?”

“ನಿನಗ ಬ್ಯಾಡಾದ ಶೇಷ ಐತಲ್ಲ, ಅದರ ಕೆಲಸ.” ಅಜ್ಜಾರು ಕೈ ಒರೆಸಿಕೊಂಡರು. “ಆ ಒಂದು ಹಲ್ಲಿನ್ಯಾಗ ಒಂದು ಸಣ್ಣ ಐಬು ಐತಿ ಅನ್ನು. ಮೊದಲಿನ ಜೋಡ್ಯಾಗ ಅದನ್ನ ಯಾರು ಅನುಭವಿಸಬೇಕು?”

“ಆ ಐದೇ ಹಲ್ಲು. ಸವೆದು ಸವೆದು ಮುರೀತಾವು.”

“ಇದರಾಗ?”

“ಎಲ್ಲಾವೂ ಹಂಚಿಕೊಂತಾವು. ಐಬು ತಿಕ್ಕಿ ತಿಕ್ಕಿ ಹೋಗಿಬಿಡ್ತೈತಿ.”

ಅಜ್ಜಾರು ವಿಭೂತಿಯ ಬಟ್ಟಲು ಬದಿಗಿಟ್ಟರು.

“ಪ್ರತಿ ಸೋಮವಾರ ದ್ಯಾಮಪ್ಪ ಇಲ್ಲಿ ಉಣ್ಣಾಕ ಬರ್ತಾನ. ನೀ ಯಾಕ ಅವತ್ತು ಪಂಕ್ತಿ ಬಿಟ್ಟು ಅಡಗಿಮನ್ಯಾಗ ಉಂತಿ?”

ಶಂಭುಲಿಂಗ ಹಲ್ಲುಗಾಲಿ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

“ಹಂಗಾದ್ರ ನಲವತ್ತೊಂದರದು ಹಾಕ್ತೀನ್ರಿ,” ಎಂದ ಕೊನೆಗೆ. “ಮೊದಲಿನಷ್ಟು ಬಲ ಬರ್ತೈತಿ, ಒಂದೀಟು ಹೆಚ್ಚ ಬರ್ತೈತಿ. ನಲವತ್ತಮೂರರದು ಬ್ಯಾಡ್ರಿ, ಬಯಲಿನ್ಯಾಗ ಎಂಜಿನ್ ಒದರಿ ಸಾಯ್ತೈತಿ.”

“ಮೊದಲಿನ ಬಲಕ್ಕ ಗುಡ್ಡ ಹತ್ತುತ್ತಿತ್ತೇನು?”

“ನಾಲ್ಕು ವರ್ಷ ಹತ್ತೇತಲ್ರೀ. ಒಂದು ದಿನ ನಿಂತಿಲ್ಲ.”

“ಯಾರು ಹೇಳಿದ್ರು?”

“ನಾನಽ ಓಡಿಸ್ತಿದ್ದೆ, ಯಾರು ಹೇಳಬೇಕ್ರಿ?”

“ನೀ ಮುಂದ ಕುಂತಾವ. ಮುಂದಿಂದು ನಿನಗ ಗೊತ್ತು. ಗಾಡಿ ಹಿಂದ ನಿಂತಿರ್ತಿದ್ದಾವನ್ನ ಕೇಳಿ ಬಾ.”

ಗುಡ್ಡಕ್ಕೆ ಹೋಗುವಾಗ ಮೂಟೆಗಳ ಜೊತೆ ಹಿಂದೆ ನಿಲ್ಲುತ್ತಿದ್ದವನು ಒಬ್ಬನೇ. ಅದು ಅಜ್ಜಾರಿಗೂ ಗೊತ್ತಿತ್ತು, ಶಂಭುಲಿಂಗನಿಗೂ ಗೊತ್ತಿತ್ತು.

ಎರಡು ದಿನ ಅವನು ಏನೇನೋ ಕೆಲಸ ಹುಡುಕಿಕೊಂಡ. ಗಾಡಿಯ ಸೀಟು ಹೊಲಿದ, ಹಾರನ್ನು ಬಿಚ್ಚಿ ಮತ್ತೆ ಜೋಡಿಸಿದ. ಮೂರನೆಯ ದಿನ ಬೇರೆ ಕೆಲಸ ಸಿಗಲಿಲ್ಲ. ಹೊಳೆ ದಾಟಿ ನಡೆದುಕೊಂಡೇ ಗುಡ್ಡ ಹತ್ತಿದ. ಗಾಡಿಯಿಂದ ನೋಡಿದ ಗುಡ್ಡಕ್ಕೂ ಕಾಲಿನಿಂದ ಹತ್ತುವ ಗುಡ್ಡಕ್ಕೂ ಸಂಬಂಧವೇ ಇರಲಿಲ್ಲ.

ದ್ಯಾಮಪ್ಪ ಮನೆಯ ಮುಂದೆ ಈಚಲ ಬುಟ್ಟಿ ಹೆಣೆಯುತ್ತಿದ್ದ. ಪಕ್ಕದಲ್ಲಿ ಹೊಳೆವ್ವ ಒಂದು ಬುಟ್ಟಿಯ ಅಂಚು ಹಿಡಿದು ಎದ್ದು ನಿಂತಿತ್ತು. ಶಂಭುಲಿಂಗ ಮಗುವಿನ ಕಡೆ ಒಮ್ಮೆ ನೋಡಿ ಕಣ್ಣು ತೆಗೆದ.

“ಮೊದಲು, ಹಳೇ ಟೈರ್ ಇದ್ದಾಗ, ಗಾಡಿ ಹೆಂಗ ಹತ್ತುತ್ತಿತ್ತು? ಅಜ್ಜಾರು ಕೇಳಿ ಬಾ ಅಂದ್ರು.”

ದ್ಯಾಮಪ್ಪ ಈಚಲ ಗರಿ ಕೆಳಗಿಟ್ಟ. ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, ಇಳಿಜಾರಿನಲ್ಲಿ ನಡೆದ. ಶಂಭುಲಿಂಗ ಹಿಂದೆ ಹೋದ. ಮೂರನೆಯ ತಿರುವಿನಲ್ಲಿ ನಿಂತು ದ್ಯಾಮಪ್ಪ ನೆಲ ತೋರಿಸಿದ. ಕೆಂಪು ಗಟ್ಟಿ ನೆಲದಲ್ಲಿ ಎರಡು ಕುಳಿಗಳಿದ್ದವು.

“ಇದು ಬಲಗಾಲು. ಇದು ಎಡಗಾಲು.”

“ಯಾರದು?”

“ನಂದು. ಗಾಡಿ ಇಲ್ಲಿ ಬಂದು ವಿಚಾರ ಮಾಡ್ತಿತ್ತು. ನಾ ಇಳದು ಬೆನ್ನು ಕೊಡ್ತಿದ್ದೆ.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ.”

“ಒಂದು ದಿನಾನೂ ಹೇಳಲಿಲ್ಲಲ್ಲ.”

“ನೀ ಹಿಂದ ಹೊಳ್ಳಿ ನೋಡಲಿಲ್ಲಲ್ಲ.”

ಶಂಭುಲಿಂಗ ಚಪ್ಪಲಿ ಬಿಟ್ಟು ಆ ಕುಳಿಗಳಲ್ಲಿ ಪಾದ ಇಟ್ಟು ನೋಡಿದ. ಅವನ ಪಾದಕ್ಕಿಂತ ಎರಡು ಬೆರಳು ದೊಡ್ಡವಿದ್ದವು. ಒಂದು ದಿನ ನಿಂತಿಲ್ಲ ಎಂದು ತಾನು ಕೊಚ್ಚಿಕೊಂಡದ್ದು ನೆನಪಾಗಿ ಅವನಿಗೆ ವಿಪರೀತ ನಾಚಿಕೆಯಾಯಿತು. ಹೊಳೆಯ ಮಾತನ್ನೂ ಈಗಲೇ ಎತ್ತಬೇಕು ಅಂತ ಬಾಯಿ ತೆರೆದ. ಬಂದದ್ದು ‘ಬರ್ತೀನಿ’ ಅನ್ನುವ ಮಾತು ಮಾತ್ರ.

ಆಶ್ರಮಕ್ಕೆ ಬಂದವನು ನೇರವಾಗಿ ಚೀಲಗಳ ಹತ್ತಿರ ಹೋದ. ನಲವತ್ತೊಂದರ ಚೀಲದ ಬಾಯಿ ಕಟ್ಟಿದ.

“ನಲವತ್ತಮೂರರದು ಅಜ್ಜಾರ. ನನ್ನ ಲೆಕ್ಕದಾಗ ಒಬ್ಬ ಮನಶ್ಯಾನ ಬೆನ್ನು ಕಡಿಮಿ ಬಿದ್ದಿತ್ತು.”

“ಅದರಾಗೂ ಶೇಷ ಉಳೀತೈತೇನು?”

“ಮೂರು ಉಳೀತೈತ್ರಿ.”

“ಉಳೀಲಿ,” ಎಂದರು ಅಜ್ಜಾರು.

ದಾವಲಸಾಬ ಬಂದು ಎರಡು ದಿನ ಕೂತು ಮುಂದಿನದನ್ನೂ ಹಿಂದಿನದನ್ನೂ ಜೋಡಿಸಿಕೊಟ್ಟ.

ಅದಾಗಿ ಎರಡು ವಾರಕ್ಕೆ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ದ್ಯಾಮಪ್ಪ ತೊಡೆಮಟ ನೀರಿನಲ್ಲಿ ಹೊಳೆ ದಾಟಿ ಬಂದ. ಕಲ್ಲವ್ವನಿಗೆ ನೋವು ಶುರುವಾಗಿತ್ತು.

ದೊಡ್ಡ ಟೈರು ಹೊಳೆ ದಾಟಿತು. ಗಾಡಿ ಗುಡ್ಡಕ್ಕೆ ಮೂತಿ ಇಟ್ಟಿತು. ಒಂದನೆಯ ತಿರುವು, ಎರಡನೆಯ ತಿರುವು. ಮೂರನೆಯದರಲ್ಲಿ ದ್ಯಾಮಪ್ಪ ಅಭ್ಯಾಸಬಲದಿಂದ ಹಾರಿ ಇಳಿದು, ಕುಳಿಗಳಲ್ಲಿ ಕಾಲು ಊರಿ, ಬೆನ್ನು ಒಡ್ಡಿದ.

ಬೆನ್ನಿಗೆ ಏನೂ ತಾಗಲಿಲ್ಲ. ಗಾಡಿ ತನ್ನ ಪಾಡಿಗೆ ತಾನು ಮುಂದೆ ಹೋಗಿತ್ತು.

ಅವನಿಗೆ ಓಡಬೇಕಾಗಿಯೂ ಬರಲಿಲ್ಲ. ನಡೆದೇ ಬಂದು ಶಂಭುಲಿಂಗನ ಪಕ್ಕ ಸೇರಿಕೊಂಡ. ಗಾಡಿ ಅಷ್ಟು ನಿಧಾನ. ಒಬ್ಬ ಕೂತು, ಒಬ್ಬ ನಡೆದು, ಇಬ್ಬರೂ ಒಟ್ಟಿಗೇ ಹತ್ತಿದರು.

“ಹೊಳೆವ್ವ ನಡಿಯಾಕತ್ಯಾಳ,” ಎಂದ ದ್ಯಾಮಪ್ಪ.

“ಬುಟ್ಟಿ ಹಿಡದು ನಿಂತಿದ್ಲು. ನೋಡೇನಿ.”

“ಈಗ ಬುಟ್ಟಿ ಬಿಟ್ಟಾಳ.”

ಶಂಭುಲಿಂಗ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. “ದ್ಯಾಮಪ್ಪ, ಅವತ್ತು ಹೊಳ್ಯಾಗ ನಾನೂ ಇಳೀಬೇಕಿತ್ತು. ಅಂಜಿ ಕುಂತುಬಿಟ್ಟೆ.”

ದ್ಯಾಮಪ್ಪ ನಾಲ್ಕು ಹೆಜ್ಜೆ ನಡೆದ.

“ಹೌದು, ಇಳೀಬೇಕಿತ್ತು.”

ಮತ್ತೆ ನಾಲ್ಕು ಹೆಜ್ಜೆ.

“ಎಡಕ್ಕ ಹಿಡಿ. ಮುಂದ ಕಲ್ಲೈತಿ.”

ಶಂಭುಲಿಂಗ ಎಡಕ್ಕೆ ಹಿಡಿದ. ಎದೆಯ ಮೇಲಿನ ಮೂಟೆ ಯಾರೋ ಇಳಿಸಿಕೊಂಡಂತೆ ಅವನಿಗೆ ಹಗುರವಾಯಿತು.

ಕಲ್ಲವ್ವನನ್ನು ಹೊಳೆ ದಾಟಿಸಿ ಪೇಟೆಯ ಆಸ್ಪತ್ರೆ ಮುಟ್ಟಿಸಿದಾಗ ಇನ್ನೂ ಹತ್ತು ಗಂಟೆ. ಮಧ್ಯಾಹ್ನದ ಹೊತ್ತಿಗೆ ಗಂಡು ಮಗು ಹುಟ್ಟಿತು.

ಅವತ್ತು ಸೋಮವಾರ. ಸಂಜೆ ಪಂಕ್ತಿಯಲ್ಲಿ ದ್ಯಾಮಪ್ಪನ ಪಕ್ಕದಲ್ಲೇ ಶಂಭುಲಿಂಗನ ತಟ್ಟೆ ಇತ್ತು. ಉಂಡೆದ್ದು ಕೈ ತೊಳೆದು ಬಂದವನು ಅಜ್ಜಾರ ಮುಂದೆ ಕೂತ. ಹೇಳುವುದೆಲ್ಲ ಹೇಳಿದ ಮೇಲೂ ಅವನಲ್ಲಿ ಒಂದು ಮಾತು ಉಳಿದಿತ್ತು.

“ಅಜ್ಜಾರ, ಗುಡ್ಡದ ಮಾತು ಖರೆ. ಆದ್ರ ಆಸ್ಪತ್ರಿ ರಸ್ತ್ಯಾಗ ಎಲ್ಲಾರೂ ನಮ್ಮನ್ನ ದಾಟಿ ಹೋದ್ರು. ಇನ್ನ ಮ್ಯಾಲ ನಾವು ಯಾವಾಗ್ಲೂ ಎಲ್ಲಾರಕಿಂತ ಹಿಂದ ಏನ್ರಿ?”

ಅಜ್ಜಾರು ದ್ಯಾಮಪ್ಪನ ಕಡೆ ಒಮ್ಮೆ ನೋಡಿದರು.

“ದಬ್ಬಾಕ ಹಿಂದಽ ಇರಬೇಕಲ್ಲೋ ತಮ್ಮಾ.”