ಹಡಗಿನ ಮನೆಯಲ್ಲಿ ಕಾಗೆ ಬಳಗದ ಊಟ

ಬಂದರಿನ ಬಾದಾಮಿ ಮರದಲ್ಲಿ ಗೂಡು ಕಟ್ಟಿದ್ದ ಕಾಗೆಗೆ ಆವತ್ತು ಬೆಳಿಗ್ಗೆಯಿಂದ ಒಂದೇ ಸಂಕಟ. ದಕ್ಕೆಗೆ ಬಂದ ಪ್ರವಾಸಿ ಹಡಗು ಹಗ್ಗ ಬಿಗಿದು ನಿಂತ ಮೇಲೂ ಎಂಜಿನ್ ಆರಿಸದೆ ಹೊಗೆ ಉಗುಳುತ್ತಿತ್ತು. ಗೂಡಿನ ಮರಿಗಳು ಕೆಮ್ಮಿ ಕೆಮ್ಮಿ ಸೋತಿದ್ದವು. ಕಾಗೆ ಹಾರಿ ಹೋಗಿ ಕೇಳಿತು.

“ಹಡಗಮ್ಮ, ನಿಂತ ಮೇಲೂ ಎಂಜಿನ್ ಯಾಕೆ?”

“ನನ್ನೊಳಗೆ ದೀಪ ಉರಿಯಬೇಡವೇ, ಅಡುಗೆ ಆಗಬೇಡವೇ? ಅಲ್ಲದೆ ನೀನು ಹುಟ್ಟಿನಿಂದಲೇ ಕಪ್ಪು. ಮಸಿ ಹತ್ತಿದರೆ ನಷ್ಟವೇನು?”

“ಮಾತು ಬಣ್ಣದ್ದಲ್ಲ, ಉಸಿರಿನದು. ನಿಮ್ಮಂಥ ನೆಂಟರಿಗೆಂದೇ ಬಂದರಿನವರು ದಕ್ಕೆಯ ಮೇಲೆ ಕರೆಂಟಿನ ತಂತಿ ಎಳೆದಿಟ್ಟಿದ್ದಾರೆ. ಅದನ್ನು ಸಿಕ್ಕಿಸಿಕೊಂಡರೆ ಎಂಜಿನ್ ಆರಿಸಬಹುದು.”

“ಯಾರ ಮುಂದೆಯೂ ಕೈಚಾಚುವ ವಂಶ ನನ್ನದಲ್ಲ. ನನ್ನ ಒಲೆ ನಾನೇ ತಂದಿದ್ದೇನೆ,” ಎಂದಿತು ಹಡಗು.

ಕಾಗೆ ವಾದಿಸಲಿಲ್ಲ. ಬಳಗವನ್ನೆಲ್ಲ ಕರೆದು, ಮೀನು ಕಚ್ಚಿಕೊಂಡು ಬಂದು, ಹಡಗಿನ ಹೊಳೆಯುವ ಡೆಕ್ಕಿನ ಮೇಲೆ ಸಾಲಾಗಿ ಊಟಕ್ಕೆ ಕೂತಿತು. ಮುಳ್ಳು, ತಲೆ, ಕರುಳು ಎಲ್ಲ ಅಲ್ಲೇ ಬಿದ್ದವು.

“ಏನಿದು ಹೊಲಸು?” ಎಂದು ಹಡಗು ಗದರಿತು.

“ನಾವೂ ಕೈಚಾಚುವವರಲ್ಲ ತಾಯಿ. ನಮ್ಮ ಊಟ ನಾವೇ ತಂದೆವು. ಉಂಡು ಉಳಿದದ್ದನ್ನು ಮಾತ್ರ ನೆಂಟರ ಮನೆಯಲ್ಲಿ ಬಿಡುತ್ತೇವೆ, ನಿಮ್ಮ ಹಾಗೆಯೇ.”

ಹಡಗು ಡೆಕ್ಕಿನ ಮೇಲಿನ ಮುಳ್ಳುಗಳನ್ನೊಮ್ಮೆ, ತನ್ನ ಹೊಗೆಯನ್ನೊಮ್ಮೆ ನೋಡಿತು. ಆಮೇಲೆ ದಕ್ಕೆಯ ತಂತಿಯತ್ತ ತಿರುಗಿ, “ಬಾರಪ್ಪ,” ಎಂದಿತು. ಎಂಜಿನ್ ನಿಂತಿತು, ಹೊಗೆಯೂ ನಿಂತಿತು. ಗೂಡಿನ ಮರಿಗಳು ಕೆಮ್ಮು ಬಿಟ್ಟು ಹಸಿವೆಯೆಂದು ಕೂಗತೊಡಗಿದವು.

ಕಾಗೆ ಬಳಗದ ಕಡೆ ತಿರುಗಿತು. “ಏಳ್ರಪ್ಪ, ಒಂದು ಮುಳ್ಳೂ ಉಳಿಯದ ಹಾಗೆ ಹೆಕ್ಕಿಕೊಳ್ಳಿ. ಉಂಡ ಎಲೆ ಎತ್ತದೆ ಹೋಗುವವರು ನಾವಲ್ಲ.”