ರೆಕ್ಕೆಯ ಒಳಗಿದ್ದವನು

"ಮೇಷ್ಟ್ರೇ, ನಾಳೆ ಇರ್ತೀವೋ ಇಲ್ವೋ ಗೊತ್ತಿಲ್ಲದ ಕಡೆ ಇವತ್ತು ಮನಸ್ಸಿಟ್ಟು ಕೆಲಸ ಮಾಡೋದು ಹೇಗೆ?"

ಕೇಳಿದವನು ಗವಿರಂಗ. ವಿಮಾನ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಫಿಟ್ಟರ್ ಆಗಿದ್ದ. ಕಾರ್ಖಾನೆಗೆ ಹೊಸ ಮುಖ್ಯಸ್ಥರು ಬಂದಿದ್ದರು. ಅವರ ಹಿಂದೆಯೇ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದವರು ಮನೆಗೆ ಹೋಗಬೇಕು ಎಂಬ ಸುದ್ದಿಯೂ ಬಂದಿತ್ತು. ಆ ದಿನ ಅವನಿಗೆ ಕೈಯೇ ಓಡಲಿಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಮಧ್ಯಾಹ್ನದ ರಜೆ ಹಾಕಿ, ತರಬೇತಿ ಶಾಲೆಯಲ್ಲಿ ತನಗೆ ಅರ ಹಿಡಿಯಲು ಕಲಿಸಿದ ನಾಗಲಿಂಗಾಚಾರ್ ಮೇಷ್ಟ್ರ ಮನೆಗೆ ಬಂದಿದ್ದ.

ಮೇಷ್ಟ್ರು ಬೈಯುವುದರಲ್ಲಿ ಎಷ್ಟು ಹೆಸರುವಾಸಿಯೋ ಕತೆ ಹೇಳುವುದರಲ್ಲೂ ಅಷ್ಟೇ ಹೆಸರುವಾಸಿ. ಅವರು ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಒಂದು ಕತೆ ಹೇಳುತ್ತೇನೆ, ಮುಗಿಯುವ ತನಕ ಮಧ್ಯೆ ಬಾಯಿ ಹಾಕಬಾರದು ಎಂದರು. ಗವಿರಂಗ ತಲೆಯಾಡಿಸಿದ. ಮೇಷ್ಟ್ರು ಹೇಳಿದ ಕತೆ ಇದು.

ಒಂದು ವಿಮಾನ ಕಾರ್ಖಾನೆ ಇತ್ತು. ಅಲ್ಲಿ ನಾಲ್ಕು ವರ್ಷದಲ್ಲಿ ಮೂವರು ಮುಖ್ಯಸ್ಥರು ಬಂದರು. ಮೊದಲನೆಯವರು ಗೋಡೆಗಳಿಗೆಲ್ಲ ಹಸಿರು ಬಣ್ಣ ಹೊಡೆಸಿದರು. ಎರಡನೆಯವರು ಹಸಿರಿನ ಮೇಲೆ ಬಿಳಿ ಹೊಡೆಸಿದರು. ಮೂರನೆಯವರಿಗೆ ಗೋಡೆಯ ಗೊಡವೆ ಇರಲಿಲ್ಲ. ಅವರು ಬಂದ ದಿನವೇ ಜನರನ್ನು ಎಣಿಸಿದರು.

ಆ ಕಾರ್ಖಾನೆಯಲ್ಲಿ ಒಂದು ಜೋಡಿ ರಿವೆಟ್ ಕೆಲಸಗಾರರಿದ್ದರು. ವಿಮಾನದ ರೆಕ್ಕೆಗೆ ತಗಡು ಕೂರಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಹೊರಗೆ ನಿಂತು, ತಗಡು ಜೋಡಿಸುವ ಮೊಳೆಯಂಥ ರಿವೆಟ್ಟಿನ ತಲೆಗೆ ಗಾಳಿಯ ಒತ್ತಡದಿಂದ ಬಡಿಯುವ ಗನ್ನು ಹಿಡಿದು ಹೊಡೆಯುತ್ತಾನೆ. ಇನ್ನೊಬ್ಬ ರೆಕ್ಕೆಯ ಒಳಗೆ ಮುದುರಿಕೊಂಡು, ಅದೇ ರಿವೆಟ್ಟಿನ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯುತ್ತಾನೆ. ಹೊರಗಿನ ಏಟಿಗೆ ಒಳಗಿನ ಬಾಲ ಚಪ್ಪಟೆಯಾಗಿ ಕೂತರೆ ತಗಡು ಹಿಡಿಯಿತು ಎಂದು ಅರ್ಥ. ಆದರೆ ಬಾಲ ಹೇಗೆ ಕೂತಿತು ಎನ್ನುವುದು ಹೊರಗಿನವನಿಗೆ ಕಾಣುವುದಿಲ್ಲ. ಅದನ್ನು ಒಳಗಿನವನೇ ನೋಡಿ ತಿಳಿಸಬೇಕು. ಆ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಅವನು ತಗಡಿಗೆ ಬಡಿದು ತಿಳಿಸುತ್ತಾನೆ. ಒಂದು ಸಲ ಬಡಿದರೆ ಇನ್ನೂ ಸ್ವಲ್ಪ ಹೊಡಿ. ಎರಡು ಸಲ ಬಡಿದರೆ ಸರಿಯಾಗಿದೆ. ಮೂರು ಸಲ ಬಡಿದರೆ ಕೆಟ್ಟಿತು, ತೆಗೆ.

ಈ ಇಬ್ಬರೂ ಹನ್ನೊಂದು ವರ್ಷ ಜೋಡಿಯಾಗಿ ದುಡಿದಿದ್ದರು. ಕಾರ್ಖಾನೆ ಕೊಟ್ಟ ಮನೆಗಳಲ್ಲೂ ಅಕ್ಕಪಕ್ಕದವರು. ನಡುವೆ ಒಂದೇ ಗೋಡೆ. ಬೆಳಿಗ್ಗೆ ಹೊರಗಿನವನು ಬುತ್ತಿ ಕಟ್ಟಿಕೊಂಡು ಆ ಗೋಡೆಗೆ ಎರಡು ಸಲ ಬಡಿಯುತ್ತಿದ್ದ. ಒಳಗಿನವನು ಎರಡು ಸಲ ತಿರುಗಿ ಬಡಿಯುತ್ತಿದ್ದ. ಆಮೇಲೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ತಾವು ತಗಡು ಕೂರಿಸಿದ ವಿಮಾನ ಮೊದಲ ಸಲ ಮೇಲೇರುವ ದಿನ ಊಟದ ಡಬ್ಬಿ ಮುಚ್ಚಿಟ್ಟು ಬಯಲಿಗೆ ಬಂದು ನಿಲ್ಲುತ್ತಿದ್ದರು. ನಮ್ಮದು ಎಂದು ಒಬ್ಬ ಹೇಳಿದರೆ ನಮ್ಮದೇ ಎಂದು ಇನ್ನೊಬ್ಬ ಹೇಳುತ್ತಿದ್ದ. ಅವರು ಕೂರಿಸಿದ ರೆಕ್ಕೆ ಒಂದೂ ಅಲ್ಲಿಯವರೆಗೆ ದುರಸ್ತಿಗೆ ವಾಪಸು ಬಂದಿರಲಿಲ್ಲ. ಅದರ ಜಂಬ ಇಬ್ಬರಿಗೂ ಇತ್ತು, ಇರಬೇಕಾದದ್ದೇ.

ಮೂರನೆಯ ಮುಖ್ಯಸ್ಥರು ಒಂದು ಸೋಮವಾರ ಎಲ್ಲರನ್ನೂ ಸೇರಿಸಿ ಮಾತಾಡಿದರು. ಹೊಸ ಯಂತ್ರ ಬರುತ್ತಿದೆ, ಇನ್ನು ಜೋಡಿಗೆ ಒಬ್ಬರು ಸಾಕು ಎಂದರು. ಯಾರು ಉಳಿಯಬೇಕು ಎನ್ನುವುದನ್ನು ಆ ವಾರದ ಕೆಲಸವೇ ಹೇಳುತ್ತದೆ ಎಂದರು. ಹೊರಗಿನವನು ಹೆಚ್ಚು ರಿವೆಟ್ ಕೆಡಿಸಿದರೆ ಅವನು ಹೋಗಬೇಕು; ಕೆಡಿಸದಿದ್ದರೆ ಒಳಗಿನವನು ಹೋಗಬೇಕು. ತೆಗೆಯಬೇಕಾದ ಪ್ರತಿ ರಿವೆಟ್ಟಿನ ಸುತ್ತ ಹೊರಗಿನವನೇ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಪಟ್ಟಿ ಶನಿವಾರ ಹತ್ತು ಗಂಟೆಗೆ ನೋಟೀಸ್ ಬೋರ್ಡಿಗೆ ಬರುತ್ತದೆ. ಎಷ್ಟಾದರೆ ಹೆಚ್ಚು ಎಂದು ಮಾತ್ರ ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದಿನಿಂದ ಜನ ಕೆಲಸ ನೋಡುವುದನ್ನು ಬಿಟ್ಟು ಮುಖ್ಯಸ್ಥರ ಕೋಣೆಯ ಬಾಗಿಲು ನೋಡತೊಡಗಿದರು. ಅಲ್ಲಿಂದ ಹೊರಬರುವ ಗುಮಾಸ್ತ ನಕ್ಕರೆ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಎಂದುಕೊಂಡರು. ನಗದಿದ್ದರೆ ಹೆಸರಿದೆ ಎಂದುಕೊಂಡರು. ಆ ಗುಮಾಸ್ತನಿಗೆ ಹಲ್ಲುನೋವು, ಪಾಪ, ಅವನು ಆ ವಾರ ಯಾರಿಗೂ ನಗಲಿಲ್ಲ.

ರೆಕ್ಕೆಗಳ ಒಳಗೆ ಇನ್ನೊಂದು ಆಟ ನಡೆಯಿತು. ಕೆಲವು ಒಳಗಿನವರು ತಾವು ಉಳಿಯಲೆಂದು ಒಳ್ಳೆಯ ರಿವೆಟ್ಟಿಗೂ ಮೂರು ಬಡಿದರು. ಕೆಲವರು ಹೊರಗಿನವನ ಮೋರೆಗೆ ಹೆದರಿ ಕೆಟ್ಟದ್ದಕ್ಕೂ ಎರಡು ಬಡಿದರು. ಹೊರಗಿನಿಂದ ನೋಡಿದರೆ ಎರಡೂ ಕಡೆ ತಗಡು ಒಂದೇ ಥರ ಹೊಳೆಯುತ್ತಿತ್ತು.

ನಮ್ಮ ಕತೆಯ ಒಳಗಿನವನು ಮಂಗಳವಾರ ಎರಡು ಸಲ ಮೂರು ಬಡಿದ. ಎರಡೂ ನಿಜವಾಗಿ ಕೆಟ್ಟಿದ್ದವು. ಹೊರಗಿನವನು ಗೆರೆ ಎಳೆದು ರಿವೆಟ್ ತೆಗೆದ. ಬುಧವಾರ ಬೆಳಿಗ್ಗೆ ಗೋಡೆಯಲ್ಲಿ ಸದ್ದು ಕೇಳಲಿಲ್ಲ. ಒಳಗಿನವನು ಬುತ್ತಿ ಹಿಡಿದು ಗೋಡೆಯ ಪಕ್ಕ ಸ್ವಲ್ಪ ಹೊತ್ತು ನಿಂತ. ಆಮೇಲೆ ಒಬ್ಬನೇ ಹೊರಟ. ಆ ದಾರಿ ಅವನಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಉದ್ದವೆನಿಸಿತು.

ಗುರುವಾರ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಹೊರಗಿನವನು ಮೆಲ್ಲಗೆ ಬಾಯಿಬಿಟ್ಟ. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಹೆಂಡತಿಗೆ ಈಗ ಏಳು ತಿಂಗಳು, ಈ ಎರಡು ದಿನ ಎರಡೇ ಬಡಿ, ಮುಂದೆ ನಿನ್ನಿಷ್ಟ ಎಂದು ಕೇಳಿಕೊಂಡ. ಒಳಗಿನವನು ಕೈಗೆ ಮೆತ್ತಿದ ಸೋಪನ್ನು ಬಹಳ ಹೊತ್ತು ತೊಳೆದ.

ಅವನಿಗೆ ಭಯವಿತ್ತು. ಕೆಲಸ ಹೋದರೆ ಅವನ ಮನೆಯೂ ಹೋಗುತ್ತಿತ್ತು. ಆದರೆ ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಮಂಗಳವಾರ ಆ ಮೂರು ಬಡಿಯುವಾಗ ಮನಸ್ಸಿನ ಒಂದು ಮೂಲೆ ಖುಷಿಪಟ್ಟಿದ್ದು ಅವನಿಗೆ ಗೊತ್ತಿತ್ತು. ರಿವೆಟ್ ಕೆಟ್ಟಿದ್ದು ನಿಜ. ಕೆಡಲಿ ಎಂದು ತಾನು ಕಾದದ್ದೂ ನಿಜ. ಇನ್ನು ಮೇಲೆ ತನ್ನ ಕಣ್ಣನ್ನೇ ನಂಬುವುದು ಹೇಗೆ ಎಂದು ಅವನಿಗೆ ಹೊಳೆಯಲಿಲ್ಲ.

ಶುಕ್ರವಾರ ಅವರು ರೆಕ್ಕೆಯ ತುದಿಗೆ ಬಂದಿದ್ದರು. ಅಲ್ಲಿ ಜಾಗ ಬಹಳ ಇಕ್ಕಟ್ಟು. ಕನ್ನಡಿ ತೂರಿಸಿ ನೋಡುವ ತಪಾಸಣೆಯವರಿಗೂ ಆ ಮೂಲೆ ಕಾಣುವುದಿಲ್ಲ. ಒಳಗೆ ತೆವಳಿದವನು ಎಷ್ಟು ಬಡಿಯುತ್ತಾನೋ ಅಷ್ಟೇ ಕೊನೆಯ ಮಾತು. ಅದೇ ಹೊತ್ತಿಗೆ ಮುಖ್ಯಸ್ಥರು ನಾಲ್ಕು ಜನ ಅತಿಥಿಗಳನ್ನು ಕರೆದುಕೊಂಡು ಬಂದು ಹೊರಗಿನವನ ಬೆನ್ನ ಹಿಂದೆ ನಿಂತರು. ಹೊರಗಿನವನು ಅರ್ಧ ತಿರುಗಿ ನೋಡಿದ. ಗನ್ನು ಕೂದಲೆಳೆಯಷ್ಟು ವಾಲಿತು.

ಒಳಗಿನವನು ಟಾರ್ಚು ಹಾಕಿ ನೋಡಿದ. ಬಾಲ ಒಂದು ಕಡೆಗೆ ಮಡಚಿಕೊಂಡಿತ್ತು. ತನಗೆ ಹಾಗೆ ಕಾಣಬೇಕೆಂದು ಕಾಣುತ್ತಿದೆಯೋ ಏನೋ ಎಂದು ಟಾರ್ಚು ಆರಿಸಿದ. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಸುತ್ತಲೂ ಸವರಿದ. ಪಕ್ಕದ ಒಳ್ಳೆಯ ರಿವೆಟ್ಟನ್ನು ಸವರಿ, ತಿರುಗಿ ಇದನ್ನು ಸವರಿದ. ಹೆಬ್ಬೆರಳಿಗೆ ಯಾವ ಪಟ್ಟಿಯ ಸುದ್ದಿಯೂ ಗೊತ್ತಿರಲಿಲ್ಲ. ಅದು ಕೆಟ್ಟಿದೆ ಎಂದಿತು. ಅವನು ಮೂರು ಸಲ ಬಡಿದ. ಬಡಿದವನಿಗೆ ಈ ಸಲ ಖುಷಿಯಾಗಲಿಲ್ಲ. ಉಕ್ಕಿನ ಗಟ್ಟಿಯನ್ನು ಪಕ್ಕಕ್ಕಿಟ್ಟು ಕಾದ.

ಗನ್ನು ನಿಂತದ್ದರಿಂದ ಹೊರಗಿನ ಮಾತು ತಗಡಿನ ಮೂಲಕ ಅವನಿಗೆ ಕೇಳಿಸುತ್ತಿತ್ತು. ಯಾಕೆ ನಿಲ್ಲಿಸಿದೆ ಎಂದು ಮುಖ್ಯಸ್ಥರು ಕೇಳಿದರು. ರಿವೆಟ್ ಕೆಟ್ಟಿದೆ, ತೆಗೆಯಬೇಕು ಎಂದು ಹೊರಗಿನವನು ಹೇಳಿದ. ಮುಖ್ಯಸ್ಥರು ಬಗ್ಗಿ ನೋಡಿದರು. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು.

"ಕೆಟ್ಟಿದೆ ಅಂತ ಯಾರಪ್ಪ ಹೇಳಿದ್ದು?"

"ಒಳಗಿರೋನು ಹೇಳ್ದ ಸಾರ್."

"ನೀನು ಹೋದ್ರೆ ಅವನು ಉಳೀತಾನೆ. ಗೊತ್ತಿದ್ದೂ ಅವನ ಮಾತು ನಂಬ್ತೀಯಾ?"

ಹೊರಗಿನವನು ಗನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಒಳಗಿನವನು ತಗಡಿಗೆ ಕಿವಿ ಒತ್ತಿದ.

"ಹನ್ನೊಂದು ವರ್ಷದಿಂದ ನನ್ನ ಕೆಲಸ ನಾನೇ ನೋಡಿಲ್ಲ ಸಾರ್. ನೋಡಿರೋನು ಅವನೊಬ್ನೇ. ಅವನು ಸರಿ ಅಂದಿದ್ದಷ್ಟೂ ಮೇಲೆ ಹಾರ್ತಾ ಇದೆ. ಇವತ್ತು ಅವನ ಮಾತು ಸುಳ್ಳು ಅಂದ್ರೆ ಅವೆಲ್ಲಾನೂ ಕೆಳಗಿಳಿಸಬೇಕಾಗುತ್ತೆ."

ಅತಿಥಿಗಳಲ್ಲಿ ಒಬ್ಬರು ಕೆಮ್ಮಿದರು. ಹೊರಗಿನವನು ಜೇಬಿನಿಂದ ಸೀಮೆಸುಣ್ಣ ತೆಗೆದು, ಎಲ್ಲರಿಗೂ ಕಾಣುವಂತೆ, ಆ ರಿವೆಟ್ಟಿನ ಸುತ್ತ ದುಂಡಗೆ ಗೆರೆ ಎಳೆದ. ಡ್ರಿಲ್ಲು ಹಿಡಿದು ಅದನ್ನು ತೆಗೆದ. ಹೊಸದನ್ನು ಇಟ್ಟು ಹೊಡೆದ. ಈ ಸಲ ಅವನು ತಿರುಗಿ ನೋಡಲಿಲ್ಲ. ಒಳಗೆ ಕತ್ತಲಲ್ಲಿ ಒಬ್ಬ ಅಳುತ್ತಿದ್ದ. ಅವನಿಗೆ ಅಷ್ಟು ಹೆಮ್ಮೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ಅಳುತ್ತಲೇ ಹೆಬ್ಬೆರಳಿನಿಂದ ಸವರಿ ನೋಡಿ, ಎರಡು ಸಲ ಬಡಿದ.

ಶನಿವಾರ ಬೆಳಿಗ್ಗೆ ಮನೆಯ ಗೋಡೆಯಲ್ಲಿ ಎರಡು ಸಲ ಬಡಿದ ಸದ್ದು ಕೇಳಿಸಿತು. ಒಳಗಿನವನು ಎರಡು ಸಲ ತಿರುಗಿ ಬಡಿದ. ಇಬ್ಬರೂ ಒಟ್ಟಿಗೆ ನಡೆದು ಹೋದರು. ದಾರಿಯಲ್ಲಿ ಶುಕ್ರವಾರದ ಮಾತು ಇಬ್ಬರೂ ಎತ್ತಲಿಲ್ಲ. ಹುಟ್ಟುವ ಮಗುವಿಗೆ ಏನು ಹೆಸರಿಡುವುದು ಎಂದು ಮಾತಾಡಿದರು.

ಹತ್ತು ಗಂಟೆಗೆ ಬೋರ್ಡಿಗೆ ಪಟ್ಟಿ ಬಿತ್ತು. ಕಾರ್ಖಾನೆಗೆ ಕಾರ್ಖಾನೆಯೇ ಎದ್ದು ಓಡಿತು. ಗನ್ನುಗಳು ನೆಲದ ಮೇಲೆ ಬಿದ್ದಿದ್ದವು. ಅರ್ಧ ಕೊರೆದ ತೂತಿನಲ್ಲಿ ಡ್ರಿಲ್ಲು ಸಿಕ್ಕಿಕೊಂಡೇ ಇತ್ತು. ಹಲ್ಲುನೋವಿನ ಗುಮಾಸ್ತನೂ ದವಡೆ ಹಿಡಿದುಕೊಂಡು ಓಡಿದ. ಅಷ್ಟು ದೊಡ್ಡ ಶೆಡ್ಡಿನಲ್ಲಿ ಉಳಿದವರು ಇಬ್ಬರೇ. ರೆಕ್ಕೆಯ ಕೊನೆಯ ಸಾಲಿನಲ್ಲಿ ಏಳು ರಿವೆಟ್ ಬಾಕಿ ಇದ್ದವು.

ಒಳಗಿನವನಿಗೆ ಓಡುವ ಕಾಲುಗಳ ಸದ್ದು ಕೇಳಿಸಿತು. ಹೊರಗಿನವನೂ ಹೋಗಿರಬಹುದು ಎಂದುಕೊಂಡ. ಹೋಗಿದ್ದರೆ ತಪ್ಪೇನಲ್ಲ. ಆದರೂ ಉಕ್ಕಿನ ಗಟ್ಟಿಯನ್ನು ಮುಂದಿನ ರಿವೆಟ್ಟಿಗೆ ಒತ್ತಿ ಹಿಡಿದು ಕಾದ. ಗನ್ನು ಬಂದು ಕೂತಿತು.

ಮೇಷ್ಟ್ರು ಇಲ್ಲಿ ಮಾತು ನಿಧಾನ ಮಾಡಿದರು. ಮೊದಲನೆಯ ರಿವೆಟ್ ಎಂದು ಹೇಳಿ, ಬೆರಳ ಗೆಣ್ಣಿನಿಂದ ಬೆಂಚಿಗೆ ಎರಡು ಸಲ ಬಡಿದರು. ಎರಡನೆಯದು ಎಂದು ಹೇಳಿ, ಒಂದು ಸಲ ಬಡಿದು, ಸ್ವಲ್ಪ ಬಿಟ್ಟು, ಎರಡು ಸಲ ಬಡಿದರು. ಮೂರನೆಯದಕ್ಕೆ ಬರುವ ಮೊದಲು ಬೆಂಚನ್ನೇ ಸವರುತ್ತ ಕೂತರು, ಅಲ್ಲಿ ನಿಜವಾಗಿ ರಿವೆಟ್ ಇರುವ ಹಾಗೆ.

ಗವಿರಂಗ ಬೆಂಚಿನ ತುದಿಗೆ ಸರಿದಿದ್ದ. ಅವನಿಂದ ತಡೆಯಲಾಗಲಿಲ್ಲ.

"ಪಟ್ಟೀಲಿ ಯಾರ ಹೆಸರಿತ್ತು ಮೇಷ್ಟ್ರೇ?"

ಮೇಷ್ಟ್ರು ಬೆಂಚಿನ ಮೇಲಿದ್ದ ಕೈಯನ್ನು ತೆಗೆಯದೆ ಅವನ ಮುಖ ನೋಡಿದರು.

"ಇನ್ನೂ ಐದು ರಿವೆಟ್ ಇದೆ ಗವಿರಂಗ, ನೀನು ಆಗಲೇ ಬೋರ್ಡಿನ ಹತ್ರ ನಿಂತಿದ್ದೀಯಲ್ಲಪ್ಪ."